ಐದೂವರೆ ಲಕ್ಷ ಜನ ಎಲ್ಲಿ ಹೋದರು?

"ಮೇಡಂ, ಪ್ರಾಜೆಕ್ಟ್ ಬೇಕಿತ್ರಿ."

ಡಿಗ್ರಿ ಮೊದಲ ಸೆಮಿಸ್ಟರ್‌ನಲ್ಲಿ ಅಸೈನ್‌ಮೆಂಟ್ ಕೊಡುವ ಹೊತ್ತಿಗೆ ನನ್ನ ಕೌಂಟರ್ ಮುಂದೆ ಈ ಮಾತು ಶುರುವಾಗುತ್ತದೆ. ಪ್ರಾಜೆಕ್ಟ್‌ಗೆ ಪುಸ್ತಕ ಬೇಕು ಅಂತಲ್ಲ. ಪ್ರಾಜೆಕ್ಟೇ ಬೇಕು. ಬರೆದು, ಸ್ಪೈರಲ್ ಬೈಂಡಿಂಗ್ ಆಗಿ, ಮೇಲೆ ಹೆಸರು, ರೋಲ್ ನಂಬರ್ ಬದಲಿಸಿದರೆ ಮುಗಿಯಿತು ಅನ್ನುವಂಥದ್ದು. ಸೀನಿಯರ್‌ಗಳ ಹತ್ತಿರ ಸಿಗಲಿಲ್ಲ, ಝೆರಾಕ್ಸ್ ಅಂಗಡಿಯಲ್ಲೂ ಸಿಗಲಿಲ್ಲ ಅಂದರೆ ಕೊನೆಗೆ ಲೈಬ್ರರಿ.

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯನ್. ಈ ಮಕ್ಕಳು ಸೋಮಾರಿಗಳು ಅನ್ನುವವರು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹಾಗೆ ಅನಿಸಿಲ್ಲ. ಪಿಯುಸಿಯಲ್ಲಿ ಗೈಡ್‌ನ ಉತ್ತರವನ್ನು ಒಂದಕ್ಷರ ಆಚೀಚೆ ಆಗದಂತೆ ಬರೆದವನೇ ಜಾಣ. ಅದಕ್ಕೇ ಅವನಿಗೆ ಅಂಕ, ಅದಕ್ಕೇ ಮನೆಯಲ್ಲಿ ಪೇಢೆ. ನಾಲ್ಕು ತಿಂಗಳ ನಂತರ ಅದೇ ಹುಡುಗ ಅದೇ ಕೆಲಸ ಮಾಡಿದರೆ ನಾವು ಕೆಂಪು ಪೆನ್ನಿನಲ್ಲಿ "ಕಾಪಿ" ಅಂತ ಬರೆಯುತ್ತೇವೆ. ಇಲ್ಲಿಂದ ಮುಂದೆ ಲೆಕ್ಕ ಬೇರೆ ಅಂತ ನಡುವೆ ಯಾರೂ ಅವನಿಗೆ ಹೇಳಿರುವುದಿಲ್ಲ. ನಾಲ್ಕು ವರ್ಷದ ಡಿಗ್ರಿ ತರುವ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2021-22ರಲ್ಲಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಬಂದೆವು. ಸಿಲಬಸ್ ಏನೇ ಆಗಲಿ, ಅಸೈನ್‌ಮೆಂಟ್ ಮಾತ್ರ ಎಲ್ಲೂ ಹೋಗಲಿಲ್ಲ.

ಆ "ನಡುವೆ" ಅನ್ನುವ ಜಾಗದಲ್ಲೇ ಏನಾದರೂ ಮಾಡಬೇಕು ಅಂತ ಬಹಳ ದಿನದಿಂದ ಇತ್ತು. ನನ್ನ ಗೆಳತಿಯೊಬ್ಬರು ಊರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ಅವರ ಕಾಲೇಜಿನಲ್ಲಿ ಲೈಬ್ರರಿಯನ್ ಹುದ್ದೆ ಇಲ್ಲ. ಲೈಬ್ರರಿ ಅಂದರೆ ನಾಲ್ಕು ಗೋದ್ರೆಜ್ ಅಲ್ಮೇರಾ, ಅದರ ಕೀಲಿ ಇವರ ಪರ್ಸಿನಲ್ಲಿ. "ಇನ್‌ಚಾರ್ಜ್ ನಾನೇ ನೋಡ್ರಿ, ಆದ್ರ ತೆಗಿಲಿಕ್ಕ ಟೈಮ್ ಎಲ್ಲದ?" ಅಂದರು. ಸೆಕೆಂಡ್ ಪಿಯು ಪರೀಕ್ಷೆ ಮುಗಿದು ಡಿಗ್ರಿ ಅಡ್ಮಿಷನ್ ಆಗುವ ತನಕ ಮಕ್ಕಳು ಖಾಲಿ ಇರುತ್ತಾರಲ್ಲ, ಆಗ ಇಬ್ಬರೂ ಸೇರಿ ಮಾಡೋಣ ಅಂತ ಮಾತಾಯಿತು.

ಖಾಲಿ ಅಂದುಕೊಂಡದ್ದು ನಾವು. ಮಕ್ಕಳಲ್ಲಿ ಕೆಲವರು ಎರಡನೇ ಪರೀಕ್ಷೆಗೆ ಓದುತ್ತಿದ್ದರು, ಕೆಲವರು ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದರು, ಇಬ್ಬರು ಹುಡುಗಿಯರ ಮದುವೆ ಮಾತು ನಡೆದಿತ್ತು. ಮೇಲೆ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ನಾವೂ ಎಂಟಕ್ಕೇ ಶುರು ಮಾಡಿದೆವು. ಹನ್ನೊಂದರ ನಂತರ ಯಾರ ತಲೆಗೂ ಏನೂ ಇಳಿಯುತ್ತಿರಲಿಲ್ಲ. ಬಂದವರು ಒಂದಿಪ್ಪತ್ತು ಮಂದಿ. ಹೆಚ್ಚಿನವರು ಆರ್ಟ್ಸ್, ಎಲ್ಲರೂ ಕನ್ನಡ ಮೀಡಿಯಂ.

ಸಾಮಾನ್ಯವಾಗಿ ಕಾಲೇಜುಗಳಲ್ಲಿ "ಲೈಬ್ರರಿ ಓರಿಯೆಂಟೇಶನ್" ಅಂತ ಒಂದು ಕಾರ್ಯಕ್ರಮ ಮಾಡುತ್ತೇವೆ. ಇದು ರೆಫರೆನ್ಸ್ ಸೆಕ್ಷನ್, ಇದು ಪೀರಿಯಾಡಿಕಲ್ಸ್, ಬ್ಯಾಗ್ ಹೊರಗಿಡಬೇಕು, ಪುಸ್ತಕ ತಡವಾದರೆ ದಂಡ. ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಅವರಿಗೆ ನೆನಪುಳಿಯುವುದು ದಂಡ ಒಂದೇ. ಈ ಸಲ ಅದನ್ನು ಬಿಟ್ಟೆ.

ಬೇರೆ ಕಡೆ ಏನು ಮಾಡುತ್ತಾರೆ ಅಂತ ಓದಿಕೊಂಡಿದ್ದೆ. ಅಮೆರಿಕದಲ್ಲಿ ಕಾಲೇಜು ಲೈಬ್ರರಿಯನ್‌ಗಳ ಸಂಘ ಎಸಿಆರ್‌ಎಲ್ 2016ರಲ್ಲಿ, ಮಾಹಿತಿ ಹುಡುಕಿ ಬಳಸುವುದನ್ನು ಕಲಿಸಲು ಆರು ಮೂಲ ವಿಚಾರಗಳ ಒಂದು ಚೌಕಟ್ಟು ಒಪ್ಪಿಕೊಂಡಿತು. ಯಾರ ಮಾತಿಗೆ ಎಲ್ಲಿ ಎಷ್ಟು ತೂಕ, ಹುಡುಕಾಟ ಅಂದರೆ ದಾರಿ ಬದಲಿಸುತ್ತಾ ಹೋಗುವ ಕೆಲಸ, ಹೀಗೆ. ಅಲ್ಲಿ ಹೈಸ್ಕೂಲ್ ಲೈಬ್ರರಿಯನ್‌ಗಳು ಮತ್ತು ಕಾಲೇಜ್ ಲೈಬ್ರರಿಯನ್‌ಗಳು ಸೇರಿ ಹನ್ನೆರಡನೇ ತರಗತಿ ಮಕ್ಕಳಿಗೆ ಇದನ್ನು ಮೊದಲೇ ರೂಢಿ ಮಾಡಿಸುತ್ತಾರೆ. ಚೆನ್ನಾಗಿದೆ. ಆದರೆ ಅಲ್ಲಿ ಹೈಸ್ಕೂಲಿನಲ್ಲೇ ಒಬ್ಬ ಲೈಬ್ರರಿಯನ್ ಇರುವುದು ವಿಶೇಷವಲ್ಲ. ನಮ್ಮಲ್ಲಿ ಅಲ್ಮೇರಾ ಇದೆ. ಹಾಗಾಗಿ ವಿಚಾರ ಇಟ್ಟುಕೊಂಡು ಪಾಠ ನಾವೇ ಹೊಸೆದೆವು.

ಮೊದಲ ದಿನ ಮಕ್ಕಳಿಗೆ ಹೇಳಿದ್ದು ಇಷ್ಟೇ. ನಾಳೆ ಒಂದು ಪ್ರಶ್ನೆ ತನ್ನಿ. ಅದರ ಉತ್ತರ ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಬೇಕಾಗಿರಬೇಕು.

ಮಾರನೇ ದಿನ ಬಂದದ್ದು ಪ್ರಶ್ನೆಗಳಲ್ಲ, ತಲೆಬರಹಗಳು. "ರೈತರ ಸಮಸ್ಯೆಗಳು." "ಮಹಿಳಾ ಸಬಲೀಕರಣ." "ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆ." ಪ್ರಬಂಧ ಸ್ಪರ್ಧೆಯ ವಾಸನೆ. ಒಬ್ಬ ಹುಡುಗ, ಅಫಜಲಪುರ ಕಡೆಯವನು, ತೊಗರಿ ಬಗ್ಗೆ ಬರೆದಿದ್ದ. "ತೊಗರಿಯ ಮಹತ್ವ" ಅಂತ.

"ತೊಗರಿ ಮಹತ್ವ ನಿಮ್ಮಪ್ಪಗ ಗೊತ್ತಿಲ್ಲೇನು?" ಅಂದೆ.

"ಗೊತ್ತದ್ರಿ."

"ಮತ್ತ ಅವರಿಗೆ ಏನು ಗೊತ್ತಿಲ್ಲ? ಅದನ್ನ ಕೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. 2022ರಲ್ಲಿ ನೆಟೆ ರೋಗ ಬಂದು ಅವರ ಹೊಲದ ತೊಗರಿ ನಿಂತಲ್ಲೇ ಒಣಗಿತು. ಬದುವಿನ ಆಚೆ ಇರುವ ದೊಡ್ಡಪ್ಪನ ಹೊಲದಲ್ಲಿ ಅಷ್ಟು ಹೋಗಲಿಲ್ಲ. "ಮಣ್ಣು ಒಂದೇ ಅದ, ಮಳಿ ಒಂದೇ ಅದ. ಹಂಗ ಯಾಕಾಯ್ತಂತ ನಮ್ಮಪ್ಪ ಇವತ್ತಿಗೂ ಕೇಳ್ತಾನ್ರಿ."

ಇದು ಪ್ರಶ್ನೆ. ಬೋರ್ಡ್ ಮೇಲೆ ಬರೆದೆ. ಅದಾದ ಮೇಲೆ ಉಳಿದವರ ಚೀಟಿಗಳು ತಾವಾಗಿಯೇ ಬದಲಾದವು. ಚಿಂಚೋಳಿ ತಾಲೂಕಿನ ತಾಂಡಾದ ಹುಡುಗಿ, ತಮ್ಮ ಕಡೆಯಿಂದ ಗುಳೆ ಹೋಗುವವರು ಮೊದಲಿಗಿಂತ ಜಾಸ್ತಿಯಾಗಿದ್ದಾರಾ ಕಡಿಮೆಯಾಗಿದ್ದಾರಾ ಅಂತ ಕೇಳಿದಳು. ಚಿತ್ತಾಪುರ ಕಡೆಯ ಇನ್ನೊಬ್ಬ, ಸನ್ನತಿಯಲ್ಲಿ ಅಶೋಕನ ಶಾಸನ ಇಷ್ಟು ವರ್ಷ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಅಂತ ಕೇಳಿದ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ, ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಶಾಸನದ ಕಲ್ಲು ಅಂತ ಗೊತ್ತಾದದ್ದು. ಅವನ ಅಜ್ಜಿ ಆ ದೇವರಿಗೆ ನಡೆದುಕೊಳ್ಳುವವಳು. ಅಜ್ಜಿಗೆ ಇದನ್ನು ಹೇಳಿದರೆ ನಂಬಲಿಲ್ಲವಂತೆ.

ಪ್ರಶ್ನೆ ಸಿಕ್ಕ ಮೇಲೆ ಹುಡುಕಾಟ. ಎಲ್ಲರ ಕೈಯಲ್ಲೂ ಫೋನ್ ಇದೆ, ಎಲ್ಲರೂ ಹುಡುಕುವುದರಲ್ಲಿ ಪಳಗಿದವರು ಅಂತ ನಾವು ಅಂದುಕೊಳ್ಳುತ್ತೇವೆ. ತೊಗರಿ ಹುಡುಗ ಕನ್ನಡದಲ್ಲಿ "ತೊಗರಿ ಒಣಗಲು ಕಾರಣವೇನು" ಅಂತ ಹಾಕಿದ. ಬಂದವು ನಾಲ್ಕು ಸುದ್ದಿ, ಮೂರು ವಿಡಿಯೊ, ಔಷಧ ಮಾರುವವರ ಜಾಹೀರಾತು. ಮುಗಿಯಿತು ಅಂತ ಫೋನ್ ಕೆಳಗಿಟ್ಟ.

ಅಲ್ಲಿಂದ ನನ್ನ ಕೆಲಸ ಶುರು. ಒಂದೇ ಸಂಗತಿಗೆ ಯಾರು ಯಾರು ಏನೇನು ಹೆಸರಿಟ್ಟಿದ್ದಾರೆ ಅಂತ ಬೋರ್ಡ್ ಮೇಲೆ ಬರೆಸಿದೆ. ಊರಲ್ಲಿ ತೊಗರಿ. ಕೃಷಿ ಇಲಾಖೆಯ ಇಂಗ್ಲಿಷ್ ಕಾಗದದಲ್ಲಿ ರೆಡ್‌ಗ್ರಾಂ. ಸಂಶೋಧಕರ ಲೇಖನದಲ್ಲಿ ಪಿಜನ್ ಪೀ. ಹಿಂದಿಯಲ್ಲಿ ಅರ್ಹರ್. ಜಗತ್ತಿನ ಎಲ್ಲ ವಿಜ್ಞಾನಿಗಳಿಗೂ ಗೊತ್ತಿರುವ ಹೆಸರು ಕೆಜಾನಸ್ ಕೆಜಾನ್. ನೆಟೆ ರೋಗಕ್ಕೆ ಇಂಗ್ಲಿಷ್‌ನಲ್ಲಿ ವಿಲ್ಟ್, ಅದನ್ನು ತರುವ ಶಿಲೀಂಧ್ರ ಫ್ಯುಸೇರಿಯಂ ಉಡಂ. ಆಮೇಲೆ ಊರಿನ ಹೆಸರು. ಕಲಬುರಗಿ ಅಂತ ಅಧಿಕೃತವಾಗಿ ಆದದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಕಾಗದದಲ್ಲೆಲ್ಲ ಗುಲ್ಬರ್ಗ. ಅಷ್ಟೇ ಯಾಕೆ, ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಸಿಕ್ಕಿದ್ದೂ "ಗುಲ್ಬರ್ಗ ತೂರ್ ದಾಲ್" ಅನ್ನುವ ಹೆಸರಿಗೇ. ಬರೀ ಕಲಬುರಗಿ ಅಂತ ಹುಡುಕಿದರೆ ಅದು ಸಿಗದೇ ಹೋಗಬಹುದು.

ಈ ಹೆಸರುಗಳನ್ನು ಜೋಡಿ ಜೋಡಿಯಾಗಿ ಹಾಕುತ್ತಾ ಹೋದಾಗ ಅವನ ಮುಂದೆ ಬೇರೆಯೇ ಸಾಮಾನು ಬಂತು. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಲೇಖನಗಳು ಬಂದವು. ನೆಟೆ ರೋಗ ತಡೆಯುವ ಐಸಿಪಿ 8863 ಅನ್ನುವ ತಳಿ ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾಯಿತು ಅಂತ ಒಂದರಲ್ಲಿ ಇತ್ತು. ಅದರ ಹೆಸರು ಮಾರುತಿ. ಹುಡುಗ ಎದ್ದು ನಿಂತ. "ಮೇಡಂ, ಮಾರುತಿ ನಮ್ ದೊಡ್ಡಪ್ಪ ಹಾಕ್ತಾನ್ರಿ!"

ಅಲ್ಲಿಗೆ ಉತ್ತರ ಸಿಕ್ಕಿತು ಅಂತ ಅವನು ಮೂಟೆ ಕಟ್ಟಲು ಹೊರಟ. ನಾನು ಬಿಡಲಿಲ್ಲ. ಆ ವರ್ಷ ದೊಡ್ಡಪ್ಪ ಹಾಕಿದ್ದು ಮಾರುತಿಯೇನಾ? ಅಪ್ಪ ಹಾಕಿದ್ದು ಯಾವುದು? ಹಿಂದಿನ ವರ್ಷ ಇಬ್ಬರ ಹೊಲದಲ್ಲಿ ಏನಿತ್ತು? ನೆಟೆಯ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ವರ್ಷ ವರ್ಷ ತೊಗರಿಯನ್ನೇ ಹಾಕಿದರೆ ಜಾಸ್ತಿಯಾಗುತ್ತದೆ ಅಂತ ಅದೇ ಲೇಖನಗಳು ಹೇಳುತ್ತಿದ್ದವು. ಅವನು ಅವತ್ತು ಸಂಜೆ ಊರಿಗೆ ಫೋನ್ ಮಾಡಿದ. ಅಪ್ಪ ಬೀಜ ತಂದ ಅಂಗಡಿ ನೆನಪಿಟ್ಟಿದ್ದರು, ತಳಿ ನೆನಪಿಟ್ಟಿರಲಿಲ್ಲ. ದೊಡ್ಡಪ್ಪ ನಡುವೆ ಒಂದು ವರ್ಷ ಜೋಳ ಹಾಕಿದ್ದರು.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ್, ಉಳಿದ ವಿಶ್ವವಿದ್ಯಾಲಯಗಳ ಪಿಎಚ್‌ಡಿಗಳಿಗೆ ಶೋಧಗಂಗಾ. ಈ ಎರಡು ವೆಬ್‌ಸೈಟ್‌ಗಳ ಬಾಗಿಲು ತೋರಿಸಿದಾಗ ಮಕ್ಕಳಿಗೆ ಆದ ಆಶ್ಚರ್ಯ ನೋಡಬೇಕಿತ್ತು. ತಮ್ಮ ತಾಲೂಕಿನ ಮೇಲೆ ಯಾರೋ ಮುನ್ನೂರು ಪುಟ ಬರೆದಿದ್ದಾರೆ, ಅದು ಪುಕ್ಕಟೆ ಸಿಗುತ್ತದೆ ಅನ್ನುವುದೇ ಅವರಿಗೆ ಹೊಸದು. ಕನ್ನಡದ ಪ್ರಬಂಧಗಳಲ್ಲಿ ಒಂದು ತೊಡಕಿದೆ. ಎಷ್ಟೋ ಪ್ರಬಂಧಗಳು ಪುಟದ ಫೋಟೊಗಳು, ಒಳಗಿನ ಪದ ಹುಡುಕಲು ಆಗುವುದಿಲ್ಲ. ಪರಿವಿಡಿ ತೆಗೆದು ಕಣ್ಣಿನಲ್ಲೇ ಹುಡುಕಬೇಕು. ಮುನ್ನೂರು ಪುಟ ಓದಬೇಕಾ ಅಂತ ಹೆದರಿದವರಿಗೆ ಕ್ರಮ ಹೇಳಿಕೊಟ್ಟೆ. ಮೊದಲು ಪರಿವಿಡಿ, ಆಮೇಲೆ ಕೊನೆಯ ಅಧ್ಯಾಯ, ಆಮೇಲೆ ಗ್ರಂಥಋಣ. ಗ್ರಂಥಋಣ ಅಂದರೆ ಅವರು ಹುಡುಕಿ ನಮಗಾಗಿ ಇಟ್ಟು ಹೋದ ಬುತ್ತಿ. ಬೇಕಾದ ಅಧ್ಯಾಯ ಕೊನೆಗೆ.

ಇಂಗ್ಲಿಷ್ ಒಂದು ಗೋಡೆ. ಅದನ್ನು ಇಲ್ಲ ಅನ್ನುವುದು ಸುಳ್ಳು. ಇಡೀ ಲೇಖನ ಓದಿ ಅಂತ ನಾನು ಹೇಳಲಿಲ್ಲ. ಸಾರಾಂಶದ ಪ್ಯಾರಾ, ಕೋಷ್ಟಕದ ತಲೆಬರಹ, ಕೊನೆಯ ಪ್ಯಾರಾ, ಈ ಮೂರು ಓದಿ ಅಂದೆ. ತಿಳಿಯದ ಪದಕ್ಕೆ ಭಾರತವಾಣಿಯ ನಿಘಂಟುಗಳು ಫೋನಿನಲ್ಲೇ ಸಿಗುತ್ತವೆ. ಕಷ್ಟಪಟ್ಟು ಒಂದು ಕೋಷ್ಟಕ ಅರ್ಥ ಮಾಡಿಕೊಂಡ ಹುಡುಗಿಗೆ ಬಂದ ಧೈರ್ಯ, ನಾನು ಅನುವಾದಿಸಿ ಕೊಟ್ಟಿದ್ದರೆ ಬರುತ್ತಿರಲಿಲ್ಲ.

ಒಂದು ದಿನ ನಮ್ಮ ಕಾಲೇಜಿನ ಲೈಬ್ರರಿಗೆ ಕರೆದುಕೊಂಡು ಬಂದೆ. ಒಪ್ಯಾಕ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿರುವ ಲೈಬ್ರರಿಯ ಪುಸ್ತಕಗಳ ಪಟ್ಟಿಯಲ್ಲಿ, ನಂಬರ್ ಹುಡುಕಿ, ಚೀಟಿಯಲ್ಲಿ ಬರೆದುಕೊಂಡು, ರ್ಯಾಕ್‌ಗೆ ಹೋಗಿ ತೆಗೆಯಬೇಕು. 633ರಲ್ಲಿ ಹೊಲದ ಬೆಳೆಗಳು, 304.8ರಲ್ಲಿ ಜನರ ವಲಸೆ, 954.87ರಲ್ಲಿ ಕರ್ನಾಟಕದ ಇತಿಹಾಸ. ಬೇಕಾದ ಪುಸ್ತಕ ಸಿಕ್ಕ ಮೇಲೆ ಅದರ ಎಡಕ್ಕೆ ಐದು, ಬಲಕ್ಕೆ ಐದು ಪುಸ್ತಕ ನೋಡದೆ ಬರಬಾರದು ಅನ್ನುವುದು ನನ್ನ ಕಟ್ಟುನಿಟ್ಟು. ಒಳ್ಳೆಯದು ಅಕ್ಕಪಕ್ಕದಲ್ಲೇ ಇರುತ್ತದೆ. ಲೈಬ್ರರಿಯನ್ ಬರೆದ ಲೇಖನ ಅಂದಮೇಲೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಹೆಸರು ಬರಲೇಬೇಕು ಅಂತ ಅಲಿಖಿತ ಕಾನೂನಿದೆ, ಬಂತು ಅಂದುಕೊಳ್ಳಿ. ಓದುಗನ ಸಮಯ ಉಳಿಸು ಅಂತ ಅವರು 1931ರಲ್ಲಿ ಹೇಳಿದರು. ಕಲಿಯುವವರ ಸಮಯವನ್ನು ಒಮ್ಮೊಮ್ಮೆ ಉಳಿಸಬಾರದು ಅಂತ ನನಗನಿಸುತ್ತದೆ.

ಅವತ್ತೇ ಇನ್ನೊಂದು ಮಜಾ ಆಯಿತು. ಸನ್ನತಿ ಹುಡುಗ ಫೋನಿನ ಎಐ ಆ್ಯಪ್ ಕೇಳಿ ಒಂದು ಪಟ್ಟಿ ತಂದಿದ್ದ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಎಲ್ಲ ನೀಟು. ನಾನು ಏನೂ ಹೇಳದೆ "ತೆಗೆದುಕೊಂಡು ಬಾ" ಅಂದೆ. ನಮ್ಮ ಒಪ್ಯಾಕ್‌ನಲ್ಲಿ ಇಲ್ಲ. ಖರಗ್‌ಪುರ ಐಐಟಿ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲಿ ಇಲ್ಲ. ಜಗತ್ತಿನ ಲೈಬ್ರರಿಗಳ ಪಟ್ಟಿ ಒಟ್ಟಿಗೆ ಸಿಗುವ ವರ್ಲ್ಡ್‌ಕ್ಯಾಟ್‌ನಲ್ಲೂ ಇಲ್ಲ. ಕೊನೆಗೆ ಅವನೇ ಬಂದು, "ಇವು ಇಲ್ಲೇ ಇಲ್ರಿ ಮೇಡಂ, ಹುಟ್ಟೇ ಇಲ್ಲ" ಅಂದ. ಎಐ ಬಳಸಬೇಡಿ ಅಂತ ಒಂದು ಗಂಟೆ ಭಾಷಣ ಮಾಡಿದ್ದರೂ ಇಷ್ಟು ಆಗುತ್ತಿರಲಿಲ್ಲ. ಆಮೇಲೆ ಅವನು ಅದನ್ನು ಬಿಟ್ಟನಾ? ಇಲ್ಲ. ಬೇರೆ ಬೇರೆ ಹುಡುಕು ಪದ ಕೊಡು ಅಂತ ಕೇಳಲು ಬಳಸುತ್ತಾನೆ. ಅದು ಸರಿಯಾದ ಬಳಕೆಯೇ.

ಈಗ ತಾಂಡಾದ ಹುಡುಗಿಯ ವಿಷಯ. ಇಡೀ ಬೇಸಿಗೆಯಲ್ಲಿ ನಾವೆಲ್ಲ ಹೆಚ್ಚು ಕಲಿತದ್ದು ಅವಳಿಂದ.

ಗುಳೆ ಜಾಸ್ತಿಯಾಗಿದೆಯಾ ಅನ್ನುವುದು ಅವಳ ಪ್ರಶ್ನೆ. ಅವಳು ಜನಸಂಖ್ಯೆ ಹುಡುಕಿದಳು. ಹಳೆಯ ಸಾಮಾನ್ಯ ಜ್ಞಾನದ ಪುಸ್ತಕವೊಂದರಲ್ಲಿ 2001ರ ಜನಗಣತಿಯ ಅಂಕಿ ಸಿಕ್ಕಿತು. ಗುಲ್ಬರ್ಗ ಜಿಲ್ಲೆ, 31,30,922. ಫೋನಿನಲ್ಲಿ 2011ರದ್ದು ಸಿಕ್ಕಿತು. 25,66,326. ಎರಡನ್ನೂ ನೋಟ್‌ಬುಕ್‌ನಲ್ಲಿ ಒಂದರ ಕೆಳಗೊಂದು ಬರೆದು ಕಳೆದಿದ್ದಳು. ಐದೂವರೆ ಲಕ್ಷಕ್ಕಿಂತ ಜಾಸ್ತಿ ಕಡಿಮೆ. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಳು: "ಹತ್ತು ವರ್ಷದಲ್ಲಿ ಐದೂವರೆ ಲಕ್ಷ ಜನ ಜಿಲ್ಲೆ ಬಿಟ್ಟು ಗುಳೆ ಹೋಗಿದ್ದಾರೆ."

ಅವಳು ಎದ್ದು ಓದಿದಾಗ ಇಡೀ ಕ್ಲಾಸ್ ಸುಮ್ಮನಾಯಿತು. ಎರಡೂ ಅಂಕಿ ಸರಿ. ಕಳೆದ ಲೆಕ್ಕವೂ ಸರಿ. ಎರಡಕ್ಕೂ ಮೂಲ ಬರೆದಿದ್ದಾಳೆ. ಅವಳ ತಾಂಡಾದಲ್ಲಿ ದೀಪಾವಳಿ ಆದಮೇಲೆ ಬೀಗ ಹಾಕಿದ ಮನೆಗಳೇ ಕಾಣುತ್ತವೆ, ಹಾಗಾಗಿ ಕಣ್ಣಿಗೆ ಕಂಡದ್ದಕ್ಕೂ ಅಂಕಿಗೂ ತಾಳೆಯಾಗುತ್ತದೆ. ನನಗೆ ವಿಷಯ ಗೊತ್ತಿತ್ತು. ಹೇಳದೆ ಕೂತೆ. ಗೆಳತಿ ಕಡೆ ನೋಡಿದೆ, ಅವರೂ ಬಾಯಿ ಬಿಡಲಿಲ್ಲ.

"ಇದು ಖರೇನಾ, ಯಾರಿಗಾದರೂ ಅನುಮಾನ ಇದೆಯಾ?" ಅಂತ ಕೇಳಿದೆ. ಒಬ್ಬಳು ಜನನ ಮರಣ ಲೆಕ್ಕ ಹಾಕಬೇಕು ಅಂದಳು. ಒಳ್ಳೆಯ ಮಾತು. ಇನ್ನೊಬ್ಬ, ಗುಳೆ ಹೋದವರನ್ನು ಗಣತಿಯಲ್ಲಿ ಎಲ್ಲಿ ಬರೆದುಕೊಳ್ಳುತ್ತಾರೆ ಅಂದ. ಅದೂ ಒಳ್ಳೆಯ ಮಾತು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಶಹಾಪುರದವನು, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು. ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ಮೆಲ್ಲಗೆ ಕೈ ಎತ್ತಿದ.

"ಮೇಡಂ, 2001ರಾಗ ನಾವೂ ಗುಲ್ಬರ್ಗದಾಗೇ ಇದ್ದಿವಲ್ರಿ. ಈಗ ಯಾದಗಿರಿ ಅದೀವಿ. ನಾವೆಲ್ಲೂ ಹೋಗಿಲ್ರಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕ್ಲಾಸಿಗೆ ಕ್ಲಾಸೇ ನಕ್ಕಿತು. ಯಾದಗಿರಿ, ಶಹಾಪುರ, ಸುರಪುರ ಮೂರು ತಾಲೂಕು ಸೇರಿ 2009ರ ಡಿಸೆಂಬರ್ 30ಕ್ಕೆ ಬೇರೆ ಜಿಲ್ಲೆಯಾಯಿತು. ಜನ ಹೋಗಲಿಲ್ಲ, ಗಡಿ ಸರಿಯಿತು.

ತಾಂಡಾದ ಹುಡುಗಿ ನಗಲಿಲ್ಲ. "ಹಂಗಾದ್ರ ಖರೇ ಲೆಕ್ಕ ಎಲ್ಲಿ ಸಿಗ್ತದ್ರಿ?" ಅಂದಳು. ನನಗೆ ಬೇಕಾಗಿದ್ದದ್ದು ಈ ಪ್ರಶ್ನೆಯೇ. ಜನಗಣತಿಯವರು ಪ್ರತಿ ಜಿಲ್ಲೆಗೂ ಒಂದು ಕೈಪಿಡಿ ತರುತ್ತಾರೆ. 2011ರ ಲೆಕ್ಕದಲ್ಲಿ ಹಳೆಯ ಅಂಕಿಗಳನ್ನೂ ಹೊಸ ಗಡಿಗೆ ಹೊಂದಿಸಿ ಕೊಟ್ಟಿರುತ್ತಾರೆ. ಹುಡುಕಿ ತೆಗೆದೆವು. ಈಗಿನ ಗಡಿಯೊಳಗಿನ ಗುಲ್ಬರ್ಗದಲ್ಲಿ 2001ರಲ್ಲಿ ಇದ್ದವರು 21,74,742. ಯಾದಗಿರಿಯಲ್ಲಿ 9,56,180. ಕೂಡಿಸಿ ನೋಡಿ ಅಂದೆ. ಹುಡುಗಿ ಕೂಡಿಸಿದಳು. ಕೊನೆಯ ಅಂಕಿಯವರೆಗೂ ಹಳೆಯ 31,30,922ಕ್ಕೆ ಸರಿಹೋಯಿತು. ಅಂದರೆ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿಲ್ಲ, ಹತ್ತು ವರ್ಷದಲ್ಲಿ 3,91,584 ಏರಿದೆ.

ಅಂಕಿ ಕೂಡಿ ಬಂದಾಗ ಅವಳ ಮುಖ ನೋಡಿದೆ. ತನ್ನ ಮಾತು ಬಿದ್ದುಹೋಯಿತು ಅನ್ನುವ ಬೇಸರಕ್ಕಿಂತ ಲೆಕ್ಕ ಕೈಗೆ ಸಿಕ್ಕಿತು ಅನ್ನುವ ಖುಷಿ ಜಾಸ್ತಿ ಇತ್ತು.

ಅವತ್ತಿನಿಂದ ಯಾರು ಯಾವ ಅಂಕಿ ಓದಿದರೂ ಹಿಂದಿನ ಬೆಂಚಿನಿಂದ "ಗಡಿ ಯಾವುದು?" ಅಂತ ಕೂಗು ಬರುತ್ತಿತ್ತು. ತೊಗರಿ ಹುಡುಗ ತನ್ನ ಹತ್ತಿರ ಇದ್ದ ಜಿಲ್ಲೆಯ ತೊಗರಿ ಕ್ಷೇತ್ರದ ಅಂಕಿಗಳನ್ನು ತಾನೇ ಮತ್ತೆ ಪರೀಕ್ಷಿಸಿದ. ಅಲ್ಲೂ ಇದೇ ಕಥೆ, ಹಳೆಯ ವರ್ಷಗಳಲ್ಲಿ ಯಾದಗಿರಿ ಸೇರಿತ್ತು. ಗೆಳತಿ ಇನ್ನೂ ಹಿಂದಕ್ಕೆ ಕರೆದುಕೊಂಡು ಹೋದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು ಉಳಿದ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ನಿಜಾಮರ ಕಾಲದ "ಗುಲ್ಬರ್ಗ" ಇನ್ನೊಂದೇ ಗುಲ್ಬರ್ಗ. ಆ ಕಾಲದ್ದು ಬೇಕಾದರೆ ಮೈಸೂರಿನ ಕಾಗದದಲ್ಲಿ ಹುಡುಕಿ ಪ್ರಯೋಜನವಿಲ್ಲ, ಹೈದರಾಬಾದ್ ಸಂಸ್ಥಾನದ್ದರಲ್ಲಿ ಹುಡುಕಬೇಕು. 1909ರ ಇಂಪೀರಿಯಲ್ ಗೆಜೆಟಿಯರ್‌ನಲ್ಲಿ ಹೈದರಾಬಾದ್ ಸಂಸ್ಥಾನಕ್ಕೇ ಒಂದು ಸಂಪುಟ ಇದೆ. ನೆಟ್‌ನಲ್ಲಿ ಸಿಗುವ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಲೈಬ್ರರಿ ಮುದ್ರೆ ಇರುತ್ತದೆ. ಮಕ್ಕಳಿಗೆ ಅದು ಯಾಕೆ ಅಂತ ಈಗ ಹೇಳಬೇಕಾಗಿರಲಿಲ್ಲ.

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಒಂದು ವಿಷಯ ಪ್ರಕಟಿಸಿದ್ದರು. ವೆಬ್‌ಸೈಟ್ ನಂಬಬಹುದಾ ಅಂತ ಪರೀಕ್ಷಿಸಲು ಇತಿಹಾಸಕಾರರಿಗೂ, ವಿದ್ಯಾರ್ಥಿಗಳಿಗೂ, ಸುದ್ದಿಯ ಸತ್ಯಾಂಶ ನೋಡುವವರಿಗೂ ಕೊಟ್ಟರು. ಮೊದಲ ಎರಡು ಗುಂಪಿನವರು ಆ ಪುಟದಲ್ಲೇ ಕೂತು ಓದಿದರು. ಮೂರನೆಯವರು ಬೇಗ ಪುಟ ಬಿಟ್ಟು ಹೊರಗೆ ಹೋಗಿ, ಬೇರೆಯವರು ಇದರ ಬಗ್ಗೆ ಏನು ಹೇಳುತ್ತಾರೆ ಅಂತ ನೋಡಿದರು. ಅವರೇ ಬೇಗ ಮತ್ತು ಸರಿಯಾಗಿ ಹಿಡಿದರು. ಶಹಾಪುರದ ಹುಡುಗ ಮಾಡಿದ್ದೂ ಅದೇ ಅಲ್ವಾ? ಪುಟದೊಳಗೆ ತಪ್ಪು ಹುಡುಕಲಿಲ್ಲ, ತನ್ನ ಊರಿನ ಕಡೆಯಿಂದ ನೋಡಿದ.

ಗುಳೆಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಜನಗಣತಿಯಿಂದ ಆರು ತಿಂಗಳು ಹೋಗಿ ಬರುವವರ ಲೆಕ್ಕ ಸರಿಯಾಗಿ ಸಿಗುವುದಿಲ್ಲ ಅಂತ ಹುಡುಗಿಗೆ ಅರ್ಥವಾಗಿತ್ತು. 2021ರಲ್ಲಿ ಆಗಬೇಕಿದ್ದ ಗಣತಿ ಬೇರೆ ಮುಂದಕ್ಕೆ ಹೋಯಿತು. ಹಾಗಾದರೆ ಜನರನ್ನೇ ಕೇಳಬೇಕು. ಅವಳ ಕಾಕಾ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. "ಕಷ್ಟ ಆಗ್ತದಾ ಅಂತ ಕೇಳಬೇಡ" ಅಂದೆ. ಹಾಗೆ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ. ಯಾವ ತಿಂಗಳು ಹೊರಟಿರಿ, ಕರೆದವರು ಯಾರು, ಅಡ್ವಾನ್ಸ್ ಎಷ್ಟು, ಮಕ್ಕಳನ್ನು ಯಾರ ಹತ್ತಿರ ಬಿಟ್ಟಿರಿ, ಇಪ್ಪತ್ತು ವರ್ಷದ ಹಿಂದೆ ನಿಮ್ಮ ಜೊತೆ ಹೋದವರು ಈಗ ಏನು ಮಾಡುತ್ತಾರೆ. ರೆಕಾರ್ಡ್ ಮಾಡುವ ಮೊದಲು ಕೇಳಬೇಕು, ಹೆಸರು ಬರೆಯಬಹುದಾ ಅಂತಲೂ ಕೇಳಬೇಕು. ಕಾಕಾ ಹೆಸರು ಬೇಡ ಅಂದರಂತೆ. ಬರೆಯಲಿಲ್ಲ. ಊರು, ವಯಸ್ಸು, ಮಾತಾಡಿದ ತಾರೀಖು ಮಾತ್ರ ಬರೆದಳು.

ಬರವಣಿಗೆಯ ಭಾಗ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ನಾವು ಅಷ್ಟೇನೂ ಗೆಲ್ಲಲಿಲ್ಲ. ಓದುವಾಗಲೇ ಪುಟದ ನಂಬರ್ ಬರೆದುಕೊಳ್ಳಿ ಅಂದರೆ ಅರ್ಧ ಮಂದಿ ಬರೆದುಕೊಂಡರು. ಪುಸ್ತಕ ಮುಚ್ಚಿ, ಓದಿದ್ದನ್ನು ಪಕ್ಕದವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆಯಿರಿ ಅನ್ನುವ ಉಪಾಯ ಕೆಲಸ ಮಾಡಿತು. ಬಾಯಲ್ಲಿ ಹೇಳುವಾಗ ಗೈಡ್ ಭಾಷೆ ಬರುವುದಿಲ್ಲ. ಆದರೆ ಹನ್ನೆರಡು ವರ್ಷದ ರೂಢಿ ಒಂದು ಬೇಸಿಗೆಗೆ ಹೋಗುತ್ತದಾ? "ಪೀಠಿಕೆ" ಅಂತ ಹಾಕಿ "ಭಾರತವು ಹಳ್ಳಿಗಳ ದೇಶ" ಅಂತ ಶುರು ಮಾಡಿದವರು ಕೊನೆಯ ತನಕ ಇದ್ದರು.

ಇನ್ನೊಂದು ವಿಚಾರ ಕೆಲಸಕ್ಕಿಳಿದ ಮೇಲೇ ಕಣ್ಣಿಗೆ ಬಿತ್ತು. ಪಿಯು ಮುಗಿದ ಮಕ್ಕಳಿಗೆ ಡಿಗ್ರಿ ಅಡ್ಮಿಷನ್ ಆಗುವ ತನಕ ಯಾವ ಕಾಲೇಜಿನ ಲೈಬ್ರರಿ ಕಾರ್ಡೂ ಇರುವುದಿಲ್ಲ. ಓದಲು ಎಲ್ಲಕ್ಕಿಂತ ಜಾಸ್ತಿ ಟೈಮ್ ಇರುವಾಗಲೇ ಎಲ್ಲೂ ಸದಸ್ಯರಲ್ಲ. ಸಾರ್ವಜನಿಕ ಗ್ರಂಥಾಲಯ ಇರುವುದು ಇಂಥವರಿಗೇ. ನಮ್ಮ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟಿಸಿಕೊಳ್ಳುವುದು ಅದಕ್ಕೇ, 1965ರ ಕಾಯ್ದೆಯೇ ಇದೆ. ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಫೋನಿನಲ್ಲೇ ಪುಕ್ಕಟೆ ಹೆಸರು ನೋಂದಾಯಿಸಬಹುದು. ಎಲ್ಲರಿಗೂ ಅಲ್ಲೇ ಕೂರಿಸಿ ಮಾಡಿಸಿದೆವು. ಹಳ್ಳಿಗೆ ವಾಪಸ್ ಹೋಗುವವರಿಗೆ ಗ್ರಾಮ ಪಂಚಾಯಿತಿಯ ಲೈಬ್ರರಿ, ಅಂದರೆ ಅರಿವು ಕೇಂದ್ರ, ಹುಡುಕಿಕೊಳ್ಳಿ ಅಂದೆ. ಒಬ್ಬಳು ವಾರದ ಮೇಲೆ ಫೋನ್ ಮಾಡಿ, "ಮೇಡಂ, ಇಲ್ಲಿ ಕಂಪ್ಯೂಟರ್ ಅದ, ಕರೆಂಟ್ ಇಲ್ಲ" ಅಂದಳು. ಏನು ಹೇಳಲಿ?

ಆ ಮಕ್ಕಳಲ್ಲಿ ಕೆಲವರು ಈಗ ನಮ್ಮ ಕಾಲೇಜಿನಲ್ಲೇ ಇದ್ದಾರೆ. ಇನ್ನು ಕೆಲವರು ಬೇರೆ ಕಡೆ. ಮದುವೆ ಮಾತು ನಡೆದಿದ್ದ ಇಬ್ಬರಲ್ಲಿ ಒಬ್ಬಳು ಓದುತ್ತಿದ್ದಾಳೆ. ಎಲ್ಲರೂ ಬದಲಾದರು ಅಂತ ಹೇಳಿದರೆ ನೀವೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೆ ಕೌಂಟರ್‌ಗೆ ಬಂದು ಕೇಳುವ ರೀತಿ ಬೇರೆಯಾಗಿದೆ. "ಇದರ ಹಳೇ ಅಂಕಿ ಎಲ್ಲಿ ಸಿಗ್ತದ್ರಿ" ಅನ್ನುತ್ತಾರೆ. "ಇದನ್ನ ಬರೆದವ್ರು ಯಾರ್ರಿ" ಅನ್ನುತ್ತಾರೆ. ನನಗೆ ಗೊತ್ತಿಲ್ಲದ್ದನ್ನೂ ಕೇಳುತ್ತಾರೆ, ಆಗ ಇಬ್ಬರೂ ಕೂತು ಹುಡುಕುತ್ತೇವೆ.

ತೊಗರಿ ಹುಡುಗ ಮೊದಲ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗೂ ಅದೇ ವಿಷಯ ಬರೆದ. ಗ್ರಂಥಋಣದಲ್ಲಿ ಇಕ್ರಿಸ್ಯಾಟ್ ಲೇಖನ, ಒಂದು ಎಂಎಸ್ಸಿ ಪ್ರಬಂಧ, ಅದರ ಕೆಳಗೆ ಅಪ್ಪನ ಹೆಸರು, ದೊಡ್ಡಪ್ಪನ ಹೆಸರು, ಊರು, ಮಾತಾಡಿದ ತಾರೀಖು. ಅವನ ಲೆಕ್ಚರರ್ ಆ ಪುಟ ಹಿಡಿದುಕೊಂಡು ಲೈಬ್ರರಿಗೆ ಬಂದರು. "ಮೇಡಂ, ಅಪ್ಪ ಹ್ಯಾಂಗ ರೆಫರೆನ್ಸ್ ಆಗ್ತಾರ? ಇದನ್ನ ನೀವೇ ಕಲಿಸೀರಂತ." ಸಂದರ್ಶನವನ್ನು ಹೇಗೆ ದಾಖಲಿಸಬೇಕು ಅನ್ನುವ ಪುಟ ತೆಗೆದು ತೋರಿಸಿದೆ. ಓದಿದರು. ಸರಿ, ಆದರೆ ಮೊದಲ ಸೆಮಿಸ್ಟರ್‌ಗೆ ಇಷ್ಟೆಲ್ಲ ಯಾಕೆ ಅಂದರು. ಅಂಕ ಕೊಟ್ಟಿದ್ದಾರೆ, ಒಪ್ಪಿಲ್ಲ. ಈ ವಾದ ನಮ್ಮಿಬ್ಬರ ನಡುವೆ ಇನ್ನೂ ನಡೆದಿದೆ. ಮುಂದಿನ ಬೇಸಿಗೆಗೆ ಅವರನ್ನೇ ಒಂದು ದಿನ ಪಾಠ ಮಾಡಲು ಕರೆಯಬೇಕು ಅಂತ ಗೆಳತಿ ಹೇಳುತ್ತಿದ್ದಾರೆ. ಎಂಟು ಗಂಟೆಗೆ ಬರಬೇಕು ಅಂದರೆ ಬರುತ್ತಾರೋ ಇಲ್ಲವೋ ನೋಡಬೇಕು.